ಕೆಂಪು ಬಾಲದ ಗಿರಾಕಿಗಳು

ಮಾರುಕಟ್ಟೆ ಹಿಂದೆ ಸೆಲೂನ್ ಇಟ್ಟಿದ್ದ ನನ್ನ ಗೆಳೆಯ ಕಳೆದ ಮಂಗಳವಾರ ಸಂಜೆ ಹೃದಯಾಘಾತದಿಂದ ತೀರಿಕೊಂಡ. ಬೇರೆ ಅಂಗಡಿಯಲ್ಲಿ ತಲೆ ಕೊಡುವ ಮನಸ್ಸು ನನಗಿನ್ನೂ ಬಂದಿಲ್ಲ. ಆ ವಾರವೇ ಕತ್ತರಿಸಬೇಕಿದ್ದ ಕೂದಲು ಕಿವಿ ಮುಚ್ಚಿದೆ.

ಅವನ ಅಂಗಡಿಯೆದುರಿನ ಮರಗಳನ್ನು ಕಡಿದು ಗಾಡಿ ನಿಲ್ಲಿಸಲು ಜಾಗ ಮಾಡಬೇಕೆಂದು ನಗರಸಭೆ ಹೊರಟಿತ್ತು. "ಅಳಿಲುಗಳು ಎಲ್ಲಿಗೆ ಹೋಗ್ಬೇಕು ಸಾರ್?" ಎಂದು ಇವನು ನಗರಸಭೆಯ ಇಂಜಿನಿಯರರನ್ನು ತಡೆದು ಕೇಳಿದ. "ಎಷ್ಟಿವೆ ಅಂತ ತೋರ್ಸಿ, ಆಮೇಲೆ ನೋಡೋಣ" ಎಂದರು ಅವರು.

ಅಳಿಲೇನು ಹಾಜರಿ ಹೇಳುತ್ತದೆಯೇ? ಪ್ರಾಣಿಶಾಸ್ತ್ರ ಓದುತ್ತಿದ್ದ ಅವನ ಮಗಳು ಖರ್ಚಿಲ್ಲದ ಉಪಾಯ ಹೇಳಿಕೊಟ್ಟಳು. ಹಳೆಯ ಪೈಪಿನೊಳಗೆ ಕಡಲೆಬೀಜ, ಅದರ ಬಾಯಿಗೆ ಕೂದಲಿನ ಕೆಂಪು ಬಣ್ಣದಲ್ಲಿ ಅದ್ದಿದ ಬ್ರಷ್. ನುಗ್ಗಿದ ಅಳಿಲಿನ ಬಾಲ ಕೆಂಪಾಗುತ್ತದೆ. ಎಷ್ಟಕ್ಕೆ ಬಣ್ಣ ಬಿತ್ತೆಂದು ಮೊದಲು ಎಣಿಸುವುದು. ಆಮೇಲೆ ಮರಗಳ ಮೇಲೆ ಕಂಡವುಗಳಲ್ಲಿ ಅರ್ಧಕ್ಕೆ ಕೆಂಪು ಬಾಲವಿದ್ದರೆ, ಒಟ್ಟು ಸಂಖ್ಯೆ ಬಣ್ಣ ಬಿದ್ದವುಗಳ ಎರಡರಷ್ಟು.

ಮರುದಿನ ಎಣಿಸಿದಾಗ ಕೆಂಪು ಬಾಲ ಕಂಡದ್ದೇ ಅಪರೂಪ. ಲೆಕ್ಕ ಹಾಕಿದರೆ ಒಟ್ಟು ಸಂಖ್ಯೆ ಆಕಾಶಕ್ಕೇರಿತು. ನಾನು ಕುಣಿದಾಡಿಬಿಟ್ಟೆ. ಇವನು ಮಾತ್ರ ಪೈಪಿನ ಹತ್ತಿರ ಕೂತಿದ್ದ ಒಂದನ್ನು ಕಣ್ಣು ಕಿರಿದಾಗಿಸಿ ನೋಡಿದ.

"ಇದು ನಮ್ಮ ಗಿರಾಕಿನೇ ಕಣೋ. ಬಾಲದ ಬುಡದಲ್ಲಿ ಕೆಂಪು ಉಳಿದಿದೆ ನೋಡು. ರಾತ್ರಿ ಮಳೆಗೆ ಬಣ್ಣ ಬಿಟ್ಟಿದೆ."

ಅವುಗಳ ಚರ್ಮ ಉರಿಯಬಾರದೆಂದು ನೀರಿಗೆ ಬಿಡುವ ಬಣ್ಣವನ್ನೇ ಆರಿಸಿದ್ದವನು ಅವನು.

"ಜಾಸ್ತಿ ಬಂದ್ರೆ ಮರ ಉಳಿಯುತ್ತಲ್ಲ, ಸುಮ್ನಿರಿ," ಎಂದಳು ಅವನ ಹೆಂಡತಿ.

"ಅವ್ರು ಬಂದು ನೋಡಿದ್ರೆ? ಆಗ ನಮ್ಮ ಮಾತಿಗೆ ಯಾರು ಬೆಲೆ ಕೊಡ್ತಾರೆ?"

"ಮೂವತ್ತು ವರ್ಷದಿಂದ ಮುದುಕರನ್ನೆಲ್ಲ ಹುಡುಗರು ಅಂತ ತೋರಿಸ್ಕೊಂಡು ಬಂದೋರು! ಈಗ ಸತ್ಯ ನೆನಪಾಯ್ತಾ?"

"ಅದು ಅವ್ರು ದುಡ್ಡು ಕೊಟ್ಟು ಹೇಳಿಸ್ಕೊಳ್ಳೋ ಸುಳ್ಳು ಕಣೇ."

ಮಳೆಯಿಲ್ಲದ ದಿನ ಬೆಳಿಗ್ಗೆ ಬಣ್ಣ ಹಚ್ಚಿ, ಅಂದೇ ಸಂಜೆ ಮತ್ತೆ ಎಣಿಸಿದೆವು. ಒಟ್ಟು ಸಂಖ್ಯೆ ಮೊದಲಿನದರ ಅರ್ಧಕ್ಕಿಂತ ಕೆಳಗಿಳಿಯಿತು. ನನ್ನ ಮುಖವೂ ಇಳಿಯಿತು. ಅವನು ಅದನ್ನೇ ತೆಗೆದುಕೊಂಡು ಹೋಗಿ ಕೊಟ್ಟ. ಮೊದಲ ಲೆಕ್ಕ ತಪ್ಪಿದ್ದನ್ನೂ ಮುಚ್ಚಿಡಲಿಲ್ಲ.

ಇಂಜಿನಿಯರ್ ನಂಬಲಿಲ್ಲ. ಅದೇ ಕಳೆದ ಮಂಗಳವಾರ ಬೆಳಿಗ್ಗೆ ಖುದ್ದಾಗಿ ಬಂದು, ಸೆಲೂನಿನ ಸ್ಟೂಲಿನ ಮೇಲೆ ಕೂತು, ಕತ್ತು ನೋಯುವವರೆಗೆ ಎಣಿಸಿದರು. ಅವರ ಲೆಕ್ಕಕ್ಕೂ ಇವನ ಲೆಕ್ಕಕ್ಕೂ ಹೆಚ್ಚು ಅಂತರವಿರಲಿಲ್ಲ.

"ನೀವು ಬರೀ ಜಂಬ ಕೊಚ್ಚೋರು ಅಂದ್ಕೊಂಡಿದ್ದೆ," ಎಂದರು. "ಆಯ್ತು, ಗಾಡಿಗೆ ಬೇರೆ ಜಾಗ ನೋಡ್ತೀವಿ."

ಅವರ ಜೀಪು ತಿರುವು ದಾಟುವುದನ್ನೂ ಇವನು ಕಾಯಲಿಲ್ಲ. ಬಕೆಟ್ಟು, ಅಂಗಡಿಯ ಟವೆಲ್ ಹಿಡಿದು ಹೊರಟ. ಕಡಿಯುವ ಗುರುತೆಂದು ನಗರಸಭೆಯವರು ಕಾಂಡಗಳಿಗೆ ಬಳಿದಿದ್ದ ಸುಣ್ಣದ ಗೀಟುಗಳನ್ನು ಒಂದೊಂದಾಗಿ ಉಜ್ಜಿ ಅಳಿಸಿದ.