ಸಾಯಿಮಾ ಬಂದಾಳೇನ್ರಿ?

ಇಳಕಲ್ಲಿನ ನಮ್ಮ ಓಣಿಯಲ್ಲಿ ಮುಮ್ತಾಜಳಷ್ಟು ಚೊಕ್ಕವಾಗಿ ಕಂಡಿಕೆ ಸುತ್ತುವವರು ಇನ್ನೊಬ್ಬರಿರಲಿಲ್ಲ. ಲಾಳಿಯೊಳಗೆ ಕೂಡಿಸುವ ಆ ಪುಟ್ಟ ಕಡ್ಡಿಗೆ ನೂಲು ಸುತ್ತುವಾಗ ಬಿಗಿಯಾದರೆ ಎಳೆ ಹರಿಯುತ್ತದೆ, ಸಡಿಲಾದರೆ ಸಿಕ್ಕಾಗುತ್ತದೆ. ನಮ್ಮ ಎರಡು ಮಗ್ಗಗಳಿಗೆ ಹನ್ನೊಂದು ವರ್ಷ ಆಕೆಯೇ ಸುತ್ತಿದಳು. ಯಾರನ್ನೂ ಹೊಗಳಿ ಗೊತ್ತಿಲ್ಲದ ನಮ್ಮ ಮನೆಯವರು ಕೂಡ ಆಕೆಯ ಕೆಲಸದಲ್ಲಿ ಕುಂದು ಹುಡುಕುತ್ತಿರಲಿಲ್ಲ. ಆಕೆಯ ಕೈಯಲ್ಲಿ ಎಳೆ ಹರಿದದ್ದನ್ನು ನಾನು ಕಂಡದ್ದು ಒಂದೇ ಸಲ.

ಗಂಡ ಗೌಸಸಾಬ ಕಲ್ಲಿಗೆ ಪಾಲಿಶ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದ. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಸಾಯಿಮಾ. ತಾಯಿ ರಾಟಿ ತಿರುಗಿಸುವಾಗ ಆ ಹುಡುಗಿ ನಮ್ಮ ಪಡಸಾಲೆಯಲ್ಲಿ ಬೆಕ್ಕಿನ ಬೆನ್ನು ಹತ್ತಿ ಓಡಾಡುತ್ತಿತ್ತು. ನಮ್ಮ ಬೆಕ್ಕಿಗೆ ಆಕೆಯ ಕಾಟದಿಂದ ನಿದ್ದೆಯೇ ಇರಲಿಲ್ಲ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಊರ ತುಂಬ ಜ್ವರ. ಓಣಿಗೆ ಓಣಿಯೇ ಕೀಲು ಹಿಡಿದುಕೊಂಡು ಕುಂಟುತ್ತಿತ್ತು. ಸಾಯಿಮಾಳಿಗೂ ಜ್ವರ ಬಂದು ದವಾಖಾನೆಗೆ ಸೇರಿಸಿದರು. ಅದೇ ದಿನ ಟಿವಿಯವರು ಬಂದು, ಮಂಚ ಮಂಚಕ್ಕೂ ಬೆಳಕು ಹಿಡಿದು ಚಿತ್ರ ತೆಗೆದುಕೊಂಡು ಹೋದರು. ಮೂರನೆಯ ದಿನ ಹುಡುಗಿ ತೀರಿಕೊಂಡಿತು. ಯಾವ ಜ್ವರವೆಂದು ಯಾರೂ ಖಚಿತವಾಗಿ ಹೇಳಲಿಲ್ಲ.

ಗೌಸಸಾಬನ ಮನೆಯಲ್ಲಿ ಫೋಟೋ ತೆಗೆಸುವ ರೂಢಿ ಇರಲಿಲ್ಲ. ಅವನ ತಂದೆಗೆ ಅದು ಸೇರುತ್ತಿರಲಿಲ್ಲ. ಶಾಲೆಗೆ ಹೆಸರು ಹಚ್ಚುವಾಗ ಹೇಗೂ ಒಂದು ಬೇಕಾಗುತ್ತದಲ್ಲ, ಆಗ ತೆಗೆಸಿದರಾಯಿತು ಎಂದುಕೊಂಡಿದ್ದರು. ಶಾಲೆ ಶುರುವಾಗಲು ಹದಿನೈದು ದಿನ ಉಳಿದಿತ್ತು.

ನಾಲ್ವತ್ತನೆಯ ದಿನದ ಕಾರ್ಯ ಮುಗಿಸಿ ಮುಮ್ತಾಜ ಮತ್ತೆ ಕೆಲಸಕ್ಕೆ ಬಂದಳು. ಮಧ್ಯಾಹ್ನ ನಾನು ಟಿವಿ ಹಚ್ಚಿದ್ದೆ. ಎಲ್ಲಿಯೋ ದೂರದ ಊರಿನ ಜ್ವರದ ಸುದ್ದಿ. ಎದೆ ಒಡೆಯುವಂಥ ನಗಾರಿ ಸದ್ದು, ಕೆಂಪು ಅಕ್ಷರ, ಅದರ ನಡುವೆ ಹಳದಿ ಫ್ರಾಕು ತೊಟ್ಟ ಸಾಯಿಮಾ! ತಾಯಿಯ ತೊಡೆಯ ಮೇಲಿಂದ ತಲೆ ಎತ್ತಿ, ನಮ್ಮ ಕಡೆಗೇ ಕಣ್ಣರಳಿಸಿ, ಬಲಗೈ ಚಾಚಿ ಏನೋ ಹೇಳುತ್ತಾಳೆ. ಹೆಚ್ಚೆಂದರೆ ನಾಲ್ಕು ಸೆಕೆಂಡು. ‘ಸಾವಿನ ದವಡೆಯಿಂದ ಸಹಾಯಕ್ಕಾಗಿ ಕೈಚಾಚುತ್ತಿರುವ ಕಂದಮ್ಮ!’ ಎಂದು ಟಿವಿಯವನು ಚೀರಿದ. ಮುಮ್ತಾಜಳ ಕೈಯಲ್ಲಿದ್ದ ಎಳೆ ಹರಿದದ್ದು ಆಗಲೇ.

ನಾನು ಎದ್ದು ಆರಿಸಹೋದೆ. ಆಕೆ ನನ್ನ ಸೆರಗು ಹಿಡಿದಳು.

"ಇರ್ಲಿ ಬಿಡ್ರಿ ಅಕ್ಕಾರ. ಸುಳ್ಳ ಹೇಳಾಕತ್ತಾನ ಅವ. ಮಾತಾಡೋ ಮೈಕಿಗೆ ಕೂದಲದ ಟೊಪ್ಪಿಗಿ ಹಾಕಿದ್ರಲ್ಲರಿ, ಆಕಿ ಅದನ್ನ ಬೆಕ್ಕು ಅಂತ ತಿಳ್ಕೊಂಡಿದ್ಲು. ಮುಟ್ಲೇನು ಅಂತ ಕೇಳಾಕತ್ತಿದ್ಲು."

ಆ ದಿನದಿಂದ ಯಾವ ಊರಿನ ಜ್ವರಕ್ಕೂ ನಮ್ಮ ಸಾಯಿಮಾಳೇ ಆದಳು. ಕರಾವಳಿಯಲ್ಲಿ ಜ್ವರ ಬಂದರೂ ಅದೇ ಹಳದಿ ಫ್ರಾಕು, ಬೀದರಿನ ಕಡೆ ಬಂದರೂ ಅದೇ ಕೈ. ಸತ್ತ ಕೂಸನ್ನು ಹೀಗೆ ಬೀದಿ ಬೀದಿ ತಿರುಗಿಸುವ ಇವರ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಮನಸಾರೆ ಶಪಿಸುತ್ತಿದ್ದೆ. ಮುಮ್ತಾಜ ಶಪಿಸಲಿಲ್ಲ. ಆಕೆಯ ಮನೆಯಲ್ಲಿ ಟಿವಿ ಇರಲಿಲ್ಲ. ಎಲ್ಲಿಯಾದರೂ ಜ್ವರದ ಸುದ್ದಿ ಕಿವಿಗೆ ಬಿದ್ದರೆ, ಕೆಲಸವಿರಲಿ ಇಲ್ಲದಿರಲಿ, ನಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. "ಸಾಯಿಮಾ ಬಂದಾಳೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದಳು. ಶಾಲೆ ಬಿಟ್ಟ ಮಗಳನ್ನು ಕರೆದೊಯ್ಯಲು ಬಂದವರು ಕೇಳುವ ಹಾಗೆಯೇ. ಮೊದಮೊದಲು ನನಗೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ನಾನೂ, "ಬಂದಾಳ, ಬಾ" ಅನ್ನತೊಡಗಿದೆ.

ಒಂದು ದಿನ ನೂಲು ಸುತ್ತುತ್ತಲೇ ಹೇಳಿದಳು: "ಎಲ್ಲೋ ಜ್ವರ ಬಂದೈತಿ ಅಂದ್ರ ನನಗ ಒಳಗ ಖುಷಿ ಆಗ್ತೈತ್ರಿ. ಅಲ್ಲಿ ಯಾರ್ದೋ ಕೂಸು ಮಲಗಿರತೈತಿ ಅನ್ನೋದು ನೆನಪಾಗೋದು ಆಮ್ಯಾಲ. ನಾ ಎಂಥಾಕಿ ಆಗೇನಿ ನೋಡ್ರಿ."

ನನಗೆ ಅಳು ಬಂತು. ಇವಳಿಗೆ ಗೋಡೆಯ ಮೇಲೋ ಟ್ರಂಕಿನೊಳಗೋ ಒಂದು ಚಿತ್ರವಿದ್ದರೆ ಸಾಕು, ಊರಿನವರ ಜ್ವರಕ್ಕೆ ಕಾಯುವುದು ತಪ್ಪುತ್ತದೆ ಅನ್ನಿಸಿತು. ನನ್ನ ಮಗ ಶ್ರೀಧರ ಟಿವಿಯವರಿಗೆ ಫೋನು ಹಚ್ಚಿದ. ಅವರು ಇವನ ಮಾತು ಪೂರ್ತಿ ಕೇಳಲೂ ಇಲ್ಲ. ಕೊನೆಗೆ ಅವನೇ ಕ್ಯಾಮೆರಾ ಇರುವ ಮೊಬೈಲು ಕೊಂಡಾಗ ನನಗೊಂದು ಉಪಾಯ ಹೇಳಿಕೊಟ್ಟ. ಸಾಯಿಮಾ ಬಂದ ಕೂಡಲೇ ಟಿವಿಯ ಮುಂದೆ ಹಿಡಿದು ಈ ಗುಂಡಿ ಒತ್ತು, ಅಷ್ಟೇ. ಹಾಗೆ ಮಾಡಿಕೊಡುತ್ತೇನೆಂದು ಮುಮ್ತಾಜಳಿಗೆ ಮಾತು ಕೊಟ್ಟೆ. ಆಕೆ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ ಹಂದಿಜ್ವರದ ಸುದ್ದಿ ಬಂತು. ಟಿವಿಯವರಿಗೆ ಹಗಲು ರಾತ್ರಿ ಅದೇ. ‘ನಿಮ್ಮ ಮನೆ ಬಾಗಿಲಿಗೂ ಬಂತಾ ಸಾವು?’ ಎಂದು ಕೇಳುತ್ತಿದ್ದರು. ಜೊತೆಗೆ ಮತ್ತೆ ಸಾಯಿಮಾಳ ಕೈ. ಓಣಿಯಲ್ಲಿ ಗುಸುಗುಸು ಎದ್ದಿತು: ಮುಮ್ತಾಜಳ ಮಗಳು ಇದೇ ಜ್ವರದಿಂದ ಸತ್ತದ್ದಂತೆ, ಆ ಮನೆಯಲ್ಲಿ ಇನ್ನೂ ಇದೆಯಂತೆ. ಆ ಚಿತ್ರ ಮೂರು ವರ್ಷ ಹಳೆಯದೆಂದು ಇಡೀ ಓಣಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಆದರೆ ಆ ವಾರ ಮೊಮ್ಮಗಳು ಸುಶ್ಮಿತಾಳಿಗೆ ನೆಗಡಿಯಾಗಿ ಮೈ ಬಿಸಿಯಾಗಿತ್ತು. ಶ್ರೀಧರ ಮೊಬೈಲನ್ನು ನನ್ನ ಕೈಗಿಟ್ಟು, ಹೆಂಡತಿಯ ಜೊತೆ ಔಷಧ ತರಲು ಹೋಗಿದ್ದ. ನಾನು ಕೂಸನ್ನು ಎದೆಗವಚಿಕೊಂಡು ಬೆಳಗಿನಿಂದ ಟಿವಿಯ ಮುಂದೆ ಕೂತಿದ್ದೆ. ನೋಡಿದಷ್ಟೂ ಹೆದರಿಕೆ, ಹೆದರಿದಷ್ಟೂ ನೋಡುವುದು. ಬಾಗಿಲಿಗೆ ಅಗಳಿ ಹಾಕಿದ್ದೆ. ನಗಾರಿ ಬಾರಿಸಿತು, ಸಾಯಿಮಾ ಬಂದಳು. ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು.

"ಅಕ್ಕಾರ, ಸಾಯಿಮಾ ಬಂದಾಳೇನ್ರಿ?"

ಹುಡುಗಿ ನನ್ನ ಕಡೆಗೇ ಕೈ ಚಾಚಿದ್ದಳು. ಮೊಬೈಲು ನನ್ನ ಮಗ್ಗುಲಲ್ಲೇ ಇತ್ತು. ನಾನು ಕೂಸಿನ ಬಾಯಿಯ ಮೇಲೆ ಸೆರಗು ಮುಚ್ಚಿ ಕೂತಲ್ಲಿಂದಲೇ ಹೇಳಿದೆ:

"ಇಲ್ಲವ್ವಾ. ಬಂದಿಲ್ಲ."

‘ಸಹಾಯಕ್ಕಾಗಿ ಕೈಚಾಚುತ್ತಿರುವ ಕಂದಮ್ಮ!’ ಎಂದು ಟಿವಿ ಕಿರುಚಿತು. ಸಣ್ಣ ಮಾಡಲು ನನಗೆ ಹೊಳೆದಿರಲಿಲ್ಲ. ಆ ದನಿ ಓಣಿಯ ಆ ತುದಿಗೂ ಕೇಳುವಂತಿತ್ತು.

"ಆಗ್ಲಿರಿ ಅಕ್ಕಾರ," ಎಂದಳು ಬಾಗಿಲಾಚೆಯಿಂದ. ಬಳೆಗಳ ಸದ್ದು ದೂರವಾಯಿತು.

ಸುಶ್ಮಿತಾಳ ನೆಗಡಿ ಎರಡು ದಿನಕ್ಕೆ ಹೋಯಿತು. ಅಕ್ಟೋಬರಿನಲ್ಲಿ ಮಲಪ್ರಭೆ ತುಂಬಿ ಊರೂರಿಗೆ ನೀರು ನುಗ್ಗಿದಾಗ ಟಿವಿಯವರು ಜ್ವರ ಬಿಟ್ಟು ನೀರಿನ ಬೆನ್ನು ಹತ್ತಿದರು. ಮತ್ತೆ ಜ್ವರದ ಸುದ್ದಿ ಬರುವಷ್ಟರಲ್ಲಿ ಚಿತ್ರಗಳು ಬದಲಾಗಿದ್ದವು. ಬಾಯಿಗೆ ಬಟ್ಟೆ ಕಟ್ಟಿಕೊಂಡ ಗುರುತಿಲ್ಲದ ಮುಖಗಳು. ಹಳದಿ ಫ್ರಾಕು ಆಮೇಲೆ ಬರಲೇ ಇಲ್ಲ.

ಮುಮ್ತಾಜ ಈಗ ಹಿಂದಿನ ಓಣಿಯ ಮನೆಯೊಂದಕ್ಕೆ ಕಂಡಿಕೆ ಸುತ್ತುತ್ತಾಳೆ. ದಾರಿಯಲ್ಲಿ ಎದುರಾದರೆ, "ಆರಾಮ ಅದೀರೇನ್ರಿ?" ಎಂದು ಕೇಳುತ್ತಾಳೆ. ಬೇರೇನೂ ಕೇಳುವುದಿಲ್ಲ. ಟಿವಿಯಲ್ಲಿ ಆ ನಗಾರಿ ಬಾರಿಸಿದಾಗಲೆಲ್ಲ ನಾನು ಎದ್ದು ಹೋಗಿ ಅಗಳಿ ತೆಗೆದು ನಿಲ್ಲುತ್ತೇನೆ. ಹೊರಗೆ ಯಾರೂ ಇರುವುದಿಲ್ಲ.