ಒಗ್ಗರಣೆ ಹಾಕದ ಮನೆ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಿಂದ ಒಗ್ಗರಣೆ ಮಂಡಕ್ಕಿಯ ವಾಸನೆ ಬಂತು. ಸಾಸಿವೆ, ಕರಿಬೇವು, ಬೆಳ್ಳುಳ್ಳಿ... ಪತ್ರಿಕೆ ಮಡಚಿಟ್ಟೆ. ಶಿಕಾರಿಪುರದ ನಮ್ಮ ಆಚೆಮನೆಯ ಅಕ್ಕ ನೆನಪಾದರು.

ಸೊರಬದ ಕಡೆಯಿಂದ ಮದುವೆಯಾಗಿ ಬಂದವರು. ನಾನು ಹೇಳುತ್ತಿರುವುದು ಐವತ್ತರ ದಶಕದ ಕೊನೆಯ ಮಾತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅವರ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ದೂರದ ದೊಡ್ಡಾಸ್ಪತ್ರೆಯಿಂದ ಮರಳುವಾಗ ಗುಳಿಗೆಯ ಸೀಸೆಯ ಜೊತೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ ತಂದಿದ್ದರು. ರಜೆಗೆ ಬಂದಿದ್ದ ನಾನೇ ಅದನ್ನು ಓದಿ ಹೇಳಿದೆ. ನಿಂತು ಓದಿದೆನೋ, ಕೂತೋ... ನನ್ನ ಬಸ್ಸಿಗೆ ಹೊತ್ತಾಗಿತ್ತು ಎಂಬುದಷ್ಟೇ ಖಾತ್ರಿ.

ಹುಡುಗಿಯ ತಲೆ ಬೋಳಾಗಿತ್ತು, ಬಾಯಿ ಮಾತ್ರ ಚುರುಕು. "ಅಣ್ಣಾ, ನಿನ್ನ ಮೀಸೆ ಮೊದ್ಲು ಬರ್ತದೋ, ನನ್ನ ಜಡೆನೋ, ನೋಡೇಬಿಡಾಣ" ಎಂದು ಪಂಥ ಕಟ್ಟಿದ್ದಳು.

ಮುಂದಿನ ರಜೆಗೆ ಬಂದಾಗ ಅವರ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಮಗುವಿನ ಮೈತುಂಬ ಗುಳ್ಳೆ, ತುಟಿಯೆಲ್ಲ ಬಿರಿದಿತ್ತು. ಅಮ್ಮ ಬಂದಿದ್ದಾಳೆಂದು ಗುಳಿಗೆ ನಿಲ್ಲಿಸಿದ್ದರು. ದೇವಿ ಮೈಮೇಲೆ ಎದ್ದಿರುವಾಗ ಔಷಧ ಕೊಡುವಂತಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಮಗು ಮಾತ್ರ "ಒಗ್ಗರಣೆ ಮಂಡಕ್ಕಿ ಮಾಡೇ" ಎಂದು ಗೋಗರೆಯುತ್ತಿತ್ತು.

"ಅಕ್ಕಾ, ಇದು ಅಮ್ಮ ಅಲ್ಲ, ಔಷಧದಿಂದ ಆಗಿರಬೇಕು. ಆಸ್ಪತ್ರೆಗೆ ಹೋಗೋಣ."

"ಹಂಗೆಲ್ಲ ಅನ್ಬೇಡ ತಮ್ಮಾ, ಕೇಳಿಸ್ಕಂಡಾಳು. ಶುಕ್ರವಾರ ಮೊಸರನ್ನ ಎಡೆ ಇಟ್ಟು ಅಮ್ಮನ್ನ ಕಳಿಸ್ತೀನಿ. ಆಮೇಲೆ ಕರ್ಕಂಡು ಹೋಗಾಣ."

ನಾನು ಇನ್ನಷ್ಟು ಜೋರಾಗಿ ವಾದಿಸಿದೆ ಎಂದುಕೊಂಡಿದ್ದೇನೆ. ವಾದಿಸಿದೆನೇ...

ಗುರುವಾರ ಮಧ್ಯಾಹ್ನ ಮಗು ಹೋಯಿತು.

ಕೆಲವು ದಿನಗಳ ಮೇಲೆ ಅಕ್ಕ ಅದೇ ಹಾಳೆ ಹಿಡಿದು ಬಂದರು. "ತಮ್ಮಾ, ಹಿಂಗಾಗ್ತದೆ ಅಂತ ಇದ್ರಲ್ಲಿ ಬರ್ದಿತ್ತೇನೋ?"

ಬರೆದಿತ್ತು. ಅಪರೂಪಕ್ಕೆ ಕೆಲವು ಮಕ್ಕಳ ಚರ್ಮದ ಮೇಲೆ ಗುಳ್ಳೆ ಏಳಬಹುದು, ತಡಮಾಡದೆ ಕರೆತನ್ನಿ ಎಂದು, ಕೊನೆಯಲ್ಲಿ.

"ಇಲ್ಲಕ್ಕಾ" ಅಂದೆ.

ಆ ಸಾಲನ್ನು ಮೊದಲ ದಿನವೇ ಓದಿ ಹೇಳಿದ್ದೆ ಎಂದು ವರ್ಷಗಟ್ಟಲೆ ನಂಬಿದ್ದೆ. ಹೇಳಿದ್ದರೆ ಅವರು ಹಾಗೆ ಕೇಳುತ್ತಿದ್ದರೇ? ಇಲ್ಲವೆಂದ ಆ ಸುಳ್ಳು ಅವರನ್ನು ಉಳಿಸಲಿಕ್ಕೋ, ನನ್ನನ್ನೋ... ಅದೂ ಈಗ ತಿಳಿಯದು.

ಅಕ್ಕ ಆಮೇಲೆ ಕೊನೆಯವರೆಗೂ ಅಡುಗೆಗೆ ಒಗ್ಗರಣೆ ಹಾಕಲಿಲ್ಲ. ಯಾರಾದರೂ ಕೇಳಿದರೆ, "ಕಳಿಸೋ ಮುಂಚೆನೇ ಮಗು ಹೋಯ್ತಲ್ಲ. ಅಮ್ಮ ಇನ್ನೂ ಮನೇಲೇ ಇದಾಳೆ, ಹೆಂಗೆ ಹಾಕ್ಲಿ?" ಎನ್ನುತ್ತಿದ್ದರು. ಈಗ ಅವರೂ ಇಲ್ಲ.

ಆಗಿನ ಗುಳಿಗೆಗಳು ಹೆಚ್ಚೆಂದರೆ ಕೆಲವು ತಿಂಗಳ ಆಯಸ್ಸು ಕೊಡುತ್ತಿದ್ದವು ಎಂದು ಮುಂದೆ ಓದಿ ತಿಳಿದೆ. ಸಮಾಧಾನಕ್ಕೆ ಅದನ್ನೇ ಹೇಳಿಕೊಂಡದ್ದೂ ಉಂಟು. ಆದರೆ ಕೆಲವು ತಿಂಗಳಲ್ಲಿ ಒಂದು ಮೋಟು ಜಡೆಗಾಗುವಷ್ಟು ಕೂದಲು ಬರುತ್ತಿತ್ತು.

ಪಕ್ಕದ ಮನೆಯವರು ತಟ್ಟೆ ತಂದಿಟ್ಟರು. "ಬಿಸಿ ಇದೆ, ತಿನ್ರೀ."

ಒಂದು ಹಿಡಿ ಬಾಯಿಗಿಟ್ಟೆ. ರುಚಿಯಾಗಿತ್ತು...