ಕುರೆಕುಪ್ಪದ ಸೋದರತ್ತೆ

ಧಮ್ಮಸೇವೆಗೆ ಹೋಗುವವರು ಬಿಳಿ ಬಟ್ಟೆಯನ್ನೇ ಉಡಬೇಕೆಂದು ನಿಯಮ ಮಾಡಿದವರು ಕುರೆಕುಪ್ಪವನ್ನು ಒಮ್ಮೆಯೂ ನೋಡಿರಲಿಕ್ಕಿಲ್ಲ. ಹೊಸಪೇಟೆಯ ಬಾಡಿಗೆ ಕೋಣೆಯಲ್ಲಿ ಇಸ್ತ್ರಿ ಮಾಡಿ ಉಟ್ಟ ಸೀರೆ ತೋರಣಗಲ್ಲಿನಲ್ಲಿ ಬಸ್ಸಿಳಿಯುವಷ್ಟರಲ್ಲಿ ಅದಿರಿನ ಧೂಳಿಗೆ ಅಂಚಿನಿಂದ ಕೆಂಪೇರಲು ಶುರುವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾನು ಇಟ್ಟಿಗೆ ಭಟ್ಟಿಯಲ್ಲಿ ಹೊರಳಾಡಿ ಬಂದವಳಂತೆ ಕಾಣುತ್ತಿದ್ದೆ. ಧೂಳಿನದಾದರೂ ಪರವಾಗಿಲ್ಲ, ತೊಳೆದರೆ ಅರ್ಧವಾದರೂ ಹೋಗುತ್ತದೆ. ಬಿಳಿ ಸೀರೆಯ ನಿಜವಾದ ಕಷ್ಟವೇ ಬೇರೆ. ಬಾಗಿಲು ತೆಗೆದ ಹೆಂಗಸರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಇಷ್ಟ ಸಣ್ಣಾಕಿ! ಯಾವಾಗ ಹೋದ್ನವ್ವ ನಿನ್ನ ಗಂಡ?" ಎಂದು ಕೇಳುತ್ತಿದ್ದರು. ಮದುವೆಯೇ ಆಗಿಲ್ಲ ಎಂದರೆ ಇನ್ನೂ ಜಾಸ್ತಿ ಮರುಗುತ್ತಿದ್ದರು.

ಆಗ ನನಗೆ ಇಪ್ಪತ್ಮೂರು. ಒಂದು ವರ್ಷದ ಸೇವೆಗೆ ಸೇರಿದ್ದೆ. ಮನೆಮನೆಗೆ ಹೋಗಿ ಬುದ್ಧನ ಮಾತು ಹೇಳುವುದು, ಕೂತು ಧ್ಯಾನ ಮಾಡುವುದನ್ನು ಕಲಿಸುವುದು, ಹೊಸದಾಗಿ ಈ ದಾರಿಗೆ ಬಂದವರ ಮನೆಯ ಮದುವೆ, ನಾಮಕರಣ ನಡೆಸಿಕೊಡುವುದು ನಮ್ಮ ಕೆಲಸ. ಭಕ್ತಿಯಿಂದ ಸೇರಿದೆ ಎಂದು ಹೇಳಿಕೊಳ್ಳಲು ಆಸೆಯೇನೋ ಇದೆ, ಆದರೆ ನಾನು ಸೇರಿದ್ದು ಸಿಟ್ಟಿನಿಂದ. ಕಂಪ್ಲಿಯ ನಮ್ಮ ಮನೆಯ ಗೋಡೆಯ ಮೇಲೆ ಅಪ್ಪನ ಕಾಲದಿಂದಲೂ ಬುದ್ಧನ ಚಿತ್ರ, ಪಕ್ಕದಲ್ಲಿ ನೀಲಿ ಕೋಟಿನವರ ಚಿತ್ರ ಇದ್ದವು. ಹೀಗಿದ್ದೂ ನಮ್ಮ ನೆಂಟರಲ್ಲಿ ಅರ್ಧ ಜನ ಮದುವೆಗೆ ಮುಂಚೆ ಗುಟ್ಟಾಗಿ ದೇವಿಯ ಗುಡ್ಡ ಹತ್ತಿ ಹರಕೆ ತೀರಿಸಿ ಬರುತ್ತಿದ್ದರು. ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲೇ ಎದ್ದು ನಿಂತು ಎಲ್ಲರಿಗೂ ಬೈದೆ. ಚಿಕ್ಕಪ್ಪ ಅನ್ನ ಕಲಸುತ್ತಲೇ, "ಮಾತಾಡಾಕೇನು, ಎಲ್ಲಾರು ಮಾತಾಡ್ತಾರ. ನೀನೇ ಒಂದು ವರ್ಷ ಊರೂರು ತಿರುಗಿ ಹೇಳು ನೋಡೂಣು" ಎಂದರು. ಸರಿ, ಮರುದಿನವೇ ಹೆಸರು ಕೊಟ್ಟು ಬಂದೆ.

ಒಬ್ಬರೇ ಹೋಗುವಂತಿಲ್ಲ, ಇಬ್ಬಿಬ್ಬರು ಹೋಗಬೇಕು. ನನ್ನ ಜೊತೆಗೆ ಬಿದ್ದವರು ಸಂಡೂರಿನ ಒಬ್ಬ ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವರು. ಸೇವೆಯ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಯಾರ ಮನೆಯ ಉಡುಗೊರೆ ತಗೊಳ್ಳಬಾರದು, ಯಾರ ಮನೆಯ ಜಗಳಕ್ಕೂ ಹೋಗಬಾರದು, ಯಾರ ಜೊತೆಗೂ ನೆಂಟಸ್ತಿಕೆ ಹಚ್ಚಿಕೊಳ್ಳಬಾರದು. ಕೊಟ್ಟ ಚಹಾವನ್ನು ಮಾತ್ರ ಪೂರ್ತಿ ಕುಡಿಯಬೇಕು. ಅಕ್ಕ ಚಹಾ ಕುಡಿಯುವ ಪರಿ ಹೇಗೆಂದರೆ, ಅವರು ಲೋಟ ಕೆಳಗಿಡುವಷ್ಟರಲ್ಲಿ ನಾನು ಆ ಮನೆಯ ಕ್ಯಾಲೆಂಡರು, ಗಡಿಯಾರ, ಗೋಡೆಯ ಬಿರುಕು ಎಲ್ಲ ನೋಡಿ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿರುತ್ತಿದ್ದೆ.

ನಾನು ಹುಟ್ಟಿನಿಂದಲೇ ಕೂತಲ್ಲಿ ಕೂರುವವಳಲ್ಲ. ಅಂಥವಳ ಪಾಲಿಗೆ ಬಂದದ್ದು ಜನರಿಗೆ ಸುಮ್ಮನೆ ಕೂರುವುದನ್ನು ಕಲಿಸುವ ಕೆಲಸ! "ಕಣ್ಣು ಮುಚ್ಚಿ, ಉಸಿರು ನೋಡ್ರಿ" ಎಂದು ಎಲ್ಲರಿಗೂ ಹೇಳಿ ನಾನು ಕಣ್ಣು ತೆರೆದು ಯಾರು ಕದಲುತ್ತಾರೆಂದು ನೋಡುತ್ತಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಹಾಗೆ. ಹಂಪಿಯಲ್ಲಿ ಒಮ್ಮೆ ಬಸ್ಸಿಗೆ ಕಾಯುತ್ತ ಬಂಡೆಗಳನ್ನು ನೋಡುತ್ತಿದ್ದಾಗ ಅಕ್ಕ, "ಇವುನ್ನ ನೋಡಿ ಕಲಿ" ಎಂದರು. ನಾನು, "ಅವಕ್ಕ ಕೆಲಸಿಲ್ಲ" ಎಂದೆ.

ದಿನಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ನಮ್ಮೂರು ಕಂಪ್ಲಿಯಲ್ಲೇ ಅಕ್ಕಿ ಗಿರಣಿಯ ಹೆಂಗಸರು ನಮ್ಮನ್ನು ಕಂತು ವಸೂಲಿಗೆ ಬಂದವರೆಂದು ತಿಳಿದು ಹಿಂಬಾಗಿಲಿನಿಂದ ಓಡಿಹೋದರು. ಮರಿಯಮ್ಮನಹಳ್ಳಿಯಲ್ಲಿ ಒಬ್ಬ ಲಾರಿ ಡ್ರೈವರ್ ಬಹಳ ಹೊತ್ತು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು, ಆಮೇಲೆ ಗೊರಕೆ ಕೇಳಿಸಿತು. ಸಂಡೂರಿನಲ್ಲಿ ವಿಭೂತಿ ಹಚ್ಚಿದ ಹಿರಿಯರೊಬ್ಬರು ನಮ್ಮನ್ನು ಒಳಗೆ ಕರೆದು, ಆತ್ಮ ಇದೆಯೋ ಇಲ್ಲವೋ ಎಂದು ಮಧ್ಯಾಹ್ನವೆಲ್ಲ ವಾದ ಮಾಡಿದರು. ವಾದದಲ್ಲಿ ನನ್ನನ್ನು ಮಣ್ಣು ಮುಕ್ಕಿಸಿ, ಆಮೇಲೆ ಬಿಸಿ ರೊಟ್ಟಿ, ಗುರೆಳ್ಳು ಪುಡಿ ಬಡಿಸಿ, "ಮತ್ತ ಬರ್ರಿ, ಭಾಳ ದಿನದ ಮ್ಯಾಲ ಚಲೋ ಜಗಳ ಸಿಕ್ತು" ಎಂದು ಕಳಿಸಿದರು. ಅಂಥ ದಿನ ಲೋಕವನ್ನೇ ಗೆದ್ದಂತೆ ಹಿಂದಿರುಗುತ್ತಿದ್ದೆ. ಮರುದಿನ ಯಾರೋ ಬಾಗಿಲನ್ನು ಮುಖದ ಮೇಲೆ ಹಾಕಿದರೆ ಚೀಲ ಕಟ್ಟಿಕೊಂಡು ಮನೆಗೆ ಹೋಗಿಬಿಡಬೇಕು ಎನಿಸುತ್ತಿತ್ತು.

ನನ್ನ ಮನಸ್ಸನ್ನು ಇನ್ನಷ್ಟು ಕಲಕುತ್ತಿದ್ದುದು ಉಕ್ಕಿನ ಕಾರ್ಖಾನೆಯ ಬಸ್ಸು. ನಾನು ಡಿಪ್ಲೊಮಾ ಓದಿದ್ದು ಲೋಹದ ವಿಷಯದಲ್ಲಿ. ತೋರಣಗಲ್ಲಿನ ಸ್ಟಾಪಿನಲ್ಲಿ ನಾವು ಆಟೋಗೆ ಕಾಯುತ್ತ ನಿಂತಾಗ, ನನ್ನ ಜೊತೆ ಓದಿದವರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಶಿಫ್ಟಿಗೆ ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಅವರಲ್ಲೊಬ್ಬಳು ಒಂದು ದಿನ ಫೋನ್ ಮಾಡಿ, "ಲ್ಯಾಬಿನಾಗ ಜಾಗ ಖಾಲಿ ಐತಿ, ಸೋಮವಾರ ಬಾ, ಜಲ್ದಿ ಹೇಳು" ಎಂದಳು. ಬರುತ್ತೇನೆ ಎಂದುಬಿಟ್ಟೆ. ಸೇವೆಯ ವರ್ಷ ಇನ್ನೂ ಅರ್ಧ ಉಳಿದಿತ್ತು. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಸೋಮವಾರಕ್ಕೆ ಮುಂಚಿನ ಹುಣ್ಣಿಮೆಗೆ ಕುರೆಕುಪ್ಪದಲ್ಲಿ ಒಂದು ನಾಮಕರಣವಿತ್ತು. ಅದೊಂದು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಆ ಮನೆಯ ಸಂಗತಿ ಹೇಳಬೇಕು. ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಹೆಂಡತಿ ನನ್ನ ವಯಸ್ಸಿನವಳೇ. ನಮ್ಮ ಧ್ಯಾನಕ್ಕೆ ಆ ಓಣಿಯಿಂದ ಮೊದಲು ಬಂದವಳು ಅವಳು. ಅವಳಿಗೆ ಹೆಣ್ಣುಮಗು ಹುಟ್ಟಿ ತಿಂಗಳುಗಳೇ ಕಳೆದಿದ್ದರೂ ಹೆಸರಿಟ್ಟಿರಲಿಲ್ಲ. ಎಲ್ಲರೂ "ಕೂಸು" ಎಂದೇ ಕರೆಯುತ್ತಿದ್ದರು. ಕಾರಣ ಅತ್ತೆ. ಆ ಮನೆಯಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರನ್ನೇ ಇಡುವುದು ರೂಢಿ. ಅಜ್ಜಿಯ ಹೆಸರು ದೇವಿಯ ಹೆಸರು. ಹುಡುಗಿಯಾಗಿದ್ದಾಗ ಅವರಿಗೆ ಆ ದೇವಿಯ ಹೆಸರಿನಲ್ಲೇ ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟಿದ್ದರು. ಅಂದಿನಿಂದ ಮದುವೆಯಿಲ್ಲ. ಇದ್ದದ್ದು ಒಬ್ಬನೇ ಮಗ, ಅವನ ತಂದೆ ಯಾರೆಂದು ಊರು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಹೆಸರು ಕೆಟ್ಟದ್ದಲ್ಲರಿ," ಎಂದು ಸೊಸೆ ನನಗೆ ಹೇಳಿದ್ದಳು. "ಆದ್ರ ಆ ಹೆಸರಿಟ್ರ ನಾಳೆ ಮಂದಿ 'ಅಜ್ಜಿ ಹಂಗ ಮೊಮ್ಮಗಳು' ಅಂತಾರ. ಒಂದು ಜ್ವರ ಬಂದ್ರೂ 'ದೇವಿ ಕೂಸು, ಆಕಿಗೇ ಬಿಟ್ಬಿಡ್ರಿ' ಅಂತಾರ. ನನ್ನ ಮಗಳಿಗೆ ಅದು ಬ್ಯಾಡ. ನೀವು ಬುದ್ಧನ ಮುಂದ ಬ್ಯಾರೆ ಹೆಸರಿಟ್ಟು ಕೊಡ್ರಿ."

ಅಜ್ಜಿ ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ಹೊತ್ತು ಐದು ಮನೆ ಜೋಗ ಬೇಡುತ್ತಿದ್ದರು. ನಾವು ಆ ಓಣಿಗೆ ಹೋಗುತ್ತಿದ್ದುದೂ ಶುಕ್ರವಾರವೇ. ಆಚೆ ಬಾಗಿಲಲ್ಲಿ ಅವರು, ಈಚೆ ಬಾಗಿಲಲ್ಲಿ ನಾವು. ಒಂದು ಸಲ ಎದುರುಬದುರಾದಾಗ ಅಜ್ಜಿ ತಮ್ಮ ಬುಟ್ಟಿಯಲ್ಲಿನ ಜೋಳ ತೋರಿಸಿ, "ನಂದು ತುಂಬೈತಿ. ನಿಂದೇನವ್ವ, ಬರೀ ಚಾ ಏನು?" ಎಂದು ನಕ್ಕರು. ನನಗೆ ರೇಗಿಹೋಯಿತು. ನಗುವಂಥ ಮಾತೇ ಆದರೂ ನಗಲಿಲ್ಲ.

ಹುಣ್ಣಿಮೆಗೆ ಮುಂಚಿನ ಶುಕ್ರವಾರ ನಾನು ಅವರನ್ನು ತಡೆದು ನಿಲ್ಲಿಸಿ ಕೇಳಿಯೇಬಿಟ್ಟೆ. "ಅಜ್ಜಿ, ನಿಮಗಾದದ್ದು ಸಾಲದಾ? ಕೂಸಿಗೂ ಅದೇ ಹೆಸರು ಯಾಕ?" ಅಕ್ಕ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಅಜ್ಜಿ ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕೂತರು.

"ಹೆಸರಿಟ್ಟಾಕಿ ನಮ್ಮವ್ವ, ತೊಟ್ಟಿಲಾಗ ಹಾಕಿ ಮುದ್ದು ಮಾಡಿ ಇಟ್ಟಾಳ. ಮುತ್ತು ಕಟ್ಟಿದೋರು ಬ್ಯಾರೆ. ಎಲ್ಲಾರು ಸೇರಿ ನನ್ನ ಹೆಸರನ್ನ ಹೊಲಸು ಮಾಡಿದ್ರಿ. ನನ್ನ ಹತ್ರ ಕೊಡಾಕ ಇನ್ನೇನೈತಿ? ಅದೊಂದು ಹೆಸರೈತಿ. ಅದೂ ಬ್ಯಾಡಂದ್ರ..."

ಅಜ್ಜಿ ಬುಟ್ಟಿ ಎತ್ತಿಕೊಂಡು, "ನಾ ಆ ತೊಟ್ಟಿಲ ಮುಂದ ಬರಾಂಗಿಲ್ಲ, ಹೇಳು ನಿನ್ನ ಗೆಳತಿಗೆ" ಎಂದು ಹೋದರು. ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ. ಸೀಟಿದ್ದರೂ ಹೊಸಪೇಟೆಯವರೆಗೆ ನಿಂತೇ ಬಂದೆ.

ಹುಣ್ಣಿಮೆಯ ಬೆಳಿಗ್ಗೆ ತೋರಣಗಲ್ಲಿನ ಸ್ಟಾಪಿನಲ್ಲಿ ಅಕ್ಕನಿಗೆ ಹೇಳಿದೆ, "ಇದೇ ನನ್ನ ಕೊನೇ ಮನಿ. ಸೋಮವಾರ ಕೆಲಸಕ್ಕ ಹೊಂಟೀನಿ." ಅಕ್ಕ ಬೈಯುತ್ತಾರೆಂದು ಕಾದೆ. ಅವರು, "ಹೂವಿನ ಚೀಲ ತಗೊಂಡಿಯೇನು?" ಎಂದಷ್ಟೇ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮನೆಯಲ್ಲಿ ಹೆಂಗಸರು ಸೇರಿದ್ದರು, ನಿರೀಕ್ಷಿಸಿದಷ್ಟು ಅಲ್ಲ. ಅಜ್ಜಿ ಬೆಳಿಗ್ಗೆಯೇ ವಾರವಲ್ಲದ ವಾರ ಬುಟ್ಟಿ ಹೊತ್ತು ಹೊರಟುಹೋಗಿದ್ದರು. ಅಕ್ಕ ವಂದನೆ ಮಾಡಿಸಿದರು, ತ್ರಿಸರಣ, ಪಂಚಶೀಲ ಹೇಳಿಸಿದರು. ತೊಟ್ಟಿಲು ಕಟ್ಟಿತ್ತು, ಗುಗ್ಗರಿ ಬೆಂದಿತ್ತು. ಇನ್ನು ಉಳಿದದ್ದು ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು.

ನಮ್ಮ ಕಡೆ ಆ ಹಕ್ಕು ಸೋದರತ್ತೆಯದು. ಮಗುವಿನ ಅಪ್ಪನ ಅಕ್ಕನೋ ತಂಗಿಯೋ ಬಗ್ಗಿ, ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಅವಳು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದೆ ಹೆಸರು ಕೂರುವುದಿಲ್ಲ ಎನ್ನುತ್ತಾರೆ. ದೇವರು ಬದಲಾದರೂ ಗುದ್ದು ಬದಲಾಗಿರಲಿಲ್ಲ. ಬುದ್ಧನ ಎದುರೂ ಅದು ಬೇಕೇ ಬೇಕು ಎಂದು ಹೆಂಗಸರು ಮೊದಲೇ ಹಟ ಹಿಡಿದಿದ್ದರು. ಆದರೆ ಅಜ್ಜಿಗೆ ಇದ್ದದ್ದು ಒಬ್ಬನೇ ಮಗ, ಅವನಿಗೆ ಅಕ್ಕತಂಗಿ ಇಲ್ಲ. ವರಸೆಯಲ್ಲಿ ತಂಗಿಯಾಗುವ ಒಬ್ಬಳು ಮರಿಯಮ್ಮನಹಳ್ಳಿಯಿಂದ ಬರುತ್ತೇನೆ ಎಂದಿದ್ದಳು. ಅವಳ ಫೋನ್ ಬಂತು. ಬಸ್ಸು ತಪ್ಪಿತಂತೆ. ದೇವಿಗೆ ಹೆದರಿದ್ದಾಳೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಬೇರೆ ಯಾರಾದರೂ ಬರುತ್ತೀರಾ ಎಂದು ತಾಯಿ ಒಬ್ಬೊಬ್ಬರ ಮುಖ ನೋಡಿದಳು. ಒಬ್ಬರು ಸೆರಗು ಸರಿಮಾಡಿಕೊಂಡರು, ಇನ್ನೊಬ್ಬರು ಗುಗ್ಗರಿ ನೋಡಲು ಎದ್ದುಹೋದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ.

ಹೆಸರಿಡದೆ ಇವತ್ತು ತೊಟ್ಟಿಲು ಬಿಚ್ಚಿದರೆ ಮುಂದೆ ಉಳಿಯುವುದು ಅಜ್ಜಿಯ ಹೆಸರೇ. ಅದು ಆ ತಾಯಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಮಗುವನ್ನು ತಂದು ನನ್ನ ಮುಂದೆ ಹಿಡಿದಳು. "ನೀವೇ ಅತ್ತಿ ಆಗ್ರಿ."

ಸೋದರತ್ತೆ ಎಂದರೆ ಒಂದು ದಿನದ ವೇಷವಲ್ಲ. ಮಗುವಿನ ಜವಳ, ಕಿವಿ ಚುಚ್ಚುವುದು, ಮದುವೆ, ಎಲ್ಲಕ್ಕೂ ಅವಳು ಬರಲೇಬೇಕು. ಸೇವೆ ಬಿಡಬಹುದು, ಕೆಲಸ ಬಿಡಬಹುದು, ಅತ್ತೆಯಾಗುವುದನ್ನು ಬಿಡುವುದು ಹೇಗೆ? ಎಲ್ಲಿಂದ ಬೇಕಾದರೂ ಎದ್ದು ಹೋಗುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ. ನಿಯಮ ನೆನಪಾಯಿತು, ಅದನ್ನೇ ಹಿಡಿದುಕೊಂಡು ಪಾರಾಗಲು ಅಕ್ಕನ ಕಡೆ ನೋಡಿದೆ. "ಅಕ್ಕಾ, ನೆಂಟಸ್ತಿಕೆ ಹಚ್ಚಿಕೊಳ್ಳಬಾರದು ಅಂತ..."

"ಸುಮ್ನ ಕುಂದ್ರು" ಎಂದರು ಅಕ್ಕ.

ಕೂತೆ. ಮಗುವನ್ನು ತೊಡೆಯ ಮೇಲಿಟ್ಟರು. ಬಿಸಿಯಾಗಿತ್ತು, ಹಾಲಿನ ವಾಸನೆ ಬರುತ್ತಿತ್ತು, ನನ್ನ ಬಿಳಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಬಗ್ಗಿ ಕಿವಿಯ ಹತ್ತಿರ "ಕುರ್ರ್" ಎಂದು, ತಾಯಿ ಆರಿಸಿದ್ದ ಹೆಸರನ್ನು ಹೇಳಿದೆ. ನಿಜ ಹೇಳಬೇಕೆಂದರೆ ಹೇಳಿದ್ದಲ್ಲ, ಪಿಸುಗುಟ್ಟಿದೆ. ಊಟದ ಪಂಕ್ತಿಯಲ್ಲಿ ಕೂಗಾಡಿದವಳಿಗೆ ಅಲ್ಲಿ ದನಿ ಹೊರಡಲಿಲ್ಲ, ಅಜ್ಜಿ ಕಟ್ಟೆಯ ಮೇಲೆ ಕೂತು ಆಡಿದ ಮಾತೇ ಕಿವಿಯಲ್ಲಿತ್ತು. ಬೆನ್ನಿಗೆ ಗುದ್ದುಗಳೂ ಬೀಳಲಿಲ್ಲ. ಹೆಂಗಸರು ಕೈ ಎತ್ತಿದವರು ಹಾಗೆಯೇ ಬಾಗಿಲ ಕಡೆ ನೋಡುತ್ತ ನಿಂತಿದ್ದರು.

ಅಜ್ಜಿ ಬಂದಿದ್ದರು. ಬುಟ್ಟಿಯನ್ನು ಹೊರಗೆ ಕಟ್ಟೆಯ ಮೇಲೆ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಒಳಗೆ ನಡೆದು ನನ್ನ ಹಿಂದೆ ನಿಂತರು. ಮಗುವನ್ನು ಕಸಿದುಕೊಳ್ಳುತ್ತಾರೆ ಎಂದು ನಾನು ಎರಡೂ ಕೈಯಿಂದ ಅವುಚಿಕೊಂಡೆ.

ಬೆನ್ನಿನ ನಡುವೆ ಒಂದು ಗುದ್ದು ಬಿತ್ತು. ಬುಟ್ಟಿ ಹೊತ್ತು ಗಟ್ಟಿಯಾದ ಕೈ. ಕಣ್ಣಲ್ಲಿ ನೀರು ಬಂತು.

"ಗಟ್ಟಿ ಹೇಳಲೇ!" ಎಂದರು ಅಜ್ಜಿ. "ನನ್ನ ಹೆಸರಲ್ಲ, ಬ್ಯಾರೆ ಹೆಸರು ಅಂತ ಎಲ್ಲಾರಿಗೂ ಕೇಳ್ಲಿ. ಹೊರಗ ಬುಟ್ಟ್ಯಾಗ ಕುಂತಾಳಲ್ಲ, ಆಕಿಗೂ ಕೇಳ್ಲಿ."

ಇನ್ನೊಂದು ಗುದ್ದು ಬಿತ್ತು. ನಾನು ಓಣಿಗೆಲ್ಲ ಕೇಳುವಂತೆ ಆ ಹೆಸರು ಕೂಗಿದೆ. ಆಮೇಲೆ ಹೆಂಗಸರೆಲ್ಲ ಮುಗಿಬಿದ್ದು ಗುದ್ದಿದರು.

ಸದ್ದಿಗೆ ಮಗು ಬೆಚ್ಚಿ ಕಿರುಚಿ ಅಳತೊಡಗಿತು. ಅಜ್ಜಿ ಅದನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡರು. ಹೊಸ ಹೆಸರನ್ನು ಹೇಗೆ ಹೇಳುವುದೋ ತಿಳಿಯದೆ ಒಮ್ಮೆ ತಡವರಿಸಿ, ಆ ಹೆಸರಿನಿಂದ ಮೆಲ್ಲಗೆ ಕರೆದರು. ಮಗು ಅಳು ನಿಲ್ಲಿಸಲಿಲ್ಲ. ಅಜ್ಜಿ ಇನ್ನೊಮ್ಮೆ ಕರೆದರು.